ಒಂದು ತೊಲ ಸೀಸ

"ಎಲ್ಕ್ ಅಂದ್ರೆ ಎಷ್ಟು ದೊಡ್ಡದಿರತ್ತೆ?" ಎಂದು ಮೆಕಿನ್ನಿಯಿಂದ ದಾಕ್ಷಾಯಣಿ ಫೋನಿನಲ್ಲಿ ಕೇಳಿದಾಗ ಸುಧೀಂದ್ರ ಲ್ಯಾಪ್‌ಟಾಪಿನ ಪಟ್ಟಿಯಲ್ಲಿ ಹನ್ನೊಂದನೆಯ ಸಾಲು ತುಂಬುತ್ತಿದ್ದ.

"ನಮ್ ಕಡವೆ ಜಾತಿದೇ ಅತ್ತಿಗೆ. ಆದ್ರೆ ಎತ್ತಿನ ಗಾತ್ರ. ಮುನ್ನೂರು ಕೆಜಿ ದಾಟತ್ತೆ."

"ಅದನ್ನ ನಮ್ ರಿಷಭ್ ಹೊಡಿತಾನಾ? ಬದನೆಕಾಯಲ್ಲಿ ಹುಳ ಕಂಡ್ರೆ ಮನೆ ಎಲ್ಲಾ ಕುಣಿದಾಡ್ತಿದ್ದ ಹುಡುಗ! ಅಮ್ಮನ ಕರ್ಮ ಮಾಡಿದವನು ಅವನು. ಇನ್ನೂ ವರ್ಷ ತುಂಬಿಲ್ಲ. ಅಲ್ಲೀವರೆಗಾದ್ರೂ ಒಂದು ಜೀವ ತೆಗಿಬೇಡ ಕಣೋ ಅಂತ ಹೇಳೋಕೂ ಆಗಲ್ವಾ ನಿಮಗೆ?"

ಸುಧೀಂದ್ರನ ತೀರಿಹೋದ ಹೆಂಡತಿ ಮಧುರಾ ದಾಕ್ಷಾಯಣಿಯ ಸ್ವಂತ ತಂಗಿ. ಅವಳ ಮಾತಿಗೆ ಅಧಿಕಾರವಿತ್ತು. ಅವಳು ಮೂಗೆಳೆದುಕೊಂಡು ದನಿ ಬದಲಾಯಿಸಿದಳು.

"ಹೋಗ್ಲಿ, ಅಷ್ಟು ಮಾಂಸ ತಂದು ಎಲ್ಲಿಡ್ತೀರಿ? ಮಧುರಾಳ ಫ್ರೀಜರ್‌ನಲ್ಲಾ?"

ಅದನ್ನು ಮಾತ್ರ ಸುಧೀಂದ್ರ ಯೋಚಿಸಿರಲಿಲ್ಲ. ಸೈಪ್ರೆಸ್‌ನ ಅವನ ಮನೆಯ ಗರಾಜಿನಲ್ಲಿ ಶವಪೆಟ್ಟಿಗೆಯಷ್ಟು ಉದ್ದದ ಬಿಳಿ ಫ್ರೀಜರ್ ಒಂದಿತ್ತು. ಇಂಡಿಯನ್ ಅಂಗಡಿಯಲ್ಲಿ ತೆಂಗಿನಕಾಯಿ ಚೆನ್ನಾಗಿ ಬಂದ ವಾರ ಮಧುರಾ ಮೂಟೆಗಟ್ಟಲೆ ತಂದು, ತುರಿದು, ಪ್ಲಾಸ್ಟಿಕ್ ಚೀಲಗಳಿಗೆ ತುಂಬಿ, ಒಂದೊಂದರ ಮೇಲೂ ಮಾರ್ಕರ್ ಪೆನ್ನಿನಲ್ಲಿ ತಾರೀಖು ಬರೆದು ಅದರಲ್ಲಿ ಇಡುತ್ತಿದ್ದಳು. ಫೆಬ್ರವರಿಯಿಂದ ಅದರ ಮುಚ್ಚಳವನ್ನು ಯಾರೂ ಎತ್ತಿರಲಿಲ್ಲ. ಗುಂಯ್ ಎನ್ನುವ ಸದ್ದು ಮಾತ್ರ ಗೋಡೆಯಾಚೆಯಿಂದ ಕೇಳುತ್ತಿತ್ತು.

"ನೋಡೋಣ ಅತ್ತಿಗೆ" ಎಂದು ಫೋನಿಟ್ಟು ಅವನು ಹನ್ನೆರಡನೆಯ ಸಾಲಿಗೆ ಹೋದ.

ಮಧುರಾ ಹೋಗಿ ಎಂಟು ತಿಂಗಳಾಗಿತ್ತು. ಎಲ್ಲ ಕಳೆದ ಮೇಲೆ ಅವನು ತೈಲ ಕಂಪನಿಗಳು ಸಾಲಾಗಿರುವ ಎನರ್ಜಿ ಕಾರಿಡಾರಿನ ಆಫೀಸಿಗೆ ಹೋಗಿ, ಬಿಟ್ಟ ಕಡೆಯಿಂದಲೇ ಕೆಲಸ ಮುಂದುವರಿಸಿದ. ತೈಲದ ಪೈಪುಗಳು ಎಷ್ಟು ಒತ್ತಡ ತಡೆಯುತ್ತವೆ ಎಂದು ಲೆಕ್ಕ ಹಾಕುವುದು ಅವನ ಕೆಲಸ. ಅಳು ಬರಲಿಲ್ಲ. ಬರಬಹುದೆಂದು ಮೊದಮೊದಲು ಕಾದ. ಆಮೇಲೆ ಕಾಯುವುದನ್ನೂ ಬಿಟ್ಟ. ಹಲ್ಲು ಕೀಳಿಸಲು ಹೋದವನಿಗೆ ಕೊಟ್ಟ ಮರಗಟ್ಟಿಸುವ ಇಂಜೆಕ್ಷನ್ನು ಇಳಿಯುವುದನ್ನೇ ಮರೆತಂತೆ ಇತ್ತು ಅವನ ಸ್ಥಿತಿ. ಊಟ ಮಾಡುತ್ತಿದ್ದ, ನಿದ್ದೆಯೂ ಬರುತ್ತಿತ್ತು, ಹುಲ್ಲನ್ನು ಹದಿನೈದು ದಿನಕ್ಕೊಮ್ಮೆ ಕತ್ತರಿಸುತ್ತಿದ್ದ. ಪಕ್ಕದ ಮನೆಯವರು ಅವನ ಧೈರ್ಯವನ್ನು ಮೆಚ್ಚಿಕೊಂಡಿದ್ದರು.

ರಿಷಭ್ ಆಗಸ್ಟ್‌ನಲ್ಲಿ ಆಸ್ಟಿನ್‌ಗೆ ಕಾಲೇಜಿಗೆ ಹೋದ. ಅವನು ಕನ್ನಡ ಮಾತಾಡುತ್ತಿದ್ದುದು ಅಮ್ಮನ ಜೊತೆ ಮಾತ್ರ. ಅಪ್ಪನಿಗೆ ಇಂಗ್ಲಿಷಿನಲ್ಲಿ ಉತ್ತರ; ಈಗ ಅದೂ ಹೋಗಿ ಮೆಸೇಜಿನಲ್ಲಿ 'ಓಕೆ', 'ರೀಚ್ಡ್', 'ಬಿಜಿ' ಎಂಬ ಮೂರು ಪದಗಳಿಗೆ ಇಳಿದಿತ್ತು. ಅಂಥವನು ಮೂರು ವಾರದ ಹಿಂದೆ ತಾನಾಗಿ ಫೋನ್ ಮಾಡಿದ. ರೂಮ್‌ಮೇಟನ ಮನೆಯವರು ಪ್ರತಿ ನವೆಂಬರಿನಲ್ಲಿ ಕೊಲರಾಡೋಕ್ಕೆ ಎಲ್ಕ್ ಬೇಟೆಗೆ ಹೋಗುತ್ತಾರಂತೆ, ತನ್ನನ್ನೂ ಕರೆದಿದ್ದಾರೆ, ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಮನೆಗೆ ಬರುವುದಿಲ್ಲ ಎಂದ. ಆಮೇಲೆ, ಯಾವ ಕ್ಯಾಲಿಬರಿನ ಬಂದೂಕು, ಎಷ್ಟು ಭಾರದ ಗುಂಡು ಸರಿ ಎಂದು ನೋಡಿ ಹೇಳುತ್ತೀಯಾ ಎಂದು ಕೇಳಿದ.

ಎಂಟು ತಿಂಗಳಲ್ಲಿ ಮಗ ಕೇಳಿದ ಮೊದಲ ಪ್ರಶ್ನೆ ಅದು. ಸುಧೀಂದ್ರ ಮೊಟ್ಟೆಯನ್ನೂ ಮುಟ್ಟದವನು. ಬಂದೂಕು ಆಯುಧ ಪೂಜೆಯ ದಿನ ಪೊಲೀಸ್ ಠಾಣೆಯ ಬಾಗಿಲಿನಲ್ಲಿ ಕುಂಕುಮ ಹಚ್ಚಿಸಿಕೊಂಡು ಒರಗಿದ್ದುದನ್ನು ಚಿಕ್ಕಂದಿನಲ್ಲಿ ನೋಡಿದ್ದ, ಅಷ್ಟೇ. ಆದರೂ ಅಂದೇ ಪಟ್ಟಿ ಶುರುಮಾಡಿದ. ಈ ಪ್ರಶ್ನೆಗೆ ಸರಿಯಾದ ಉತ್ತರ ಕೊಟ್ಟರೆ ಮಗ ಇನ್ನೊಂದು ಪ್ರಶ್ನೆ ಕೇಳಿಯಾನು. ತಪ್ಪಿದರೆ ಮುಂದಿನ ಹಬ್ಬಕ್ಕೂ, ಅದರ ಮುಂದಿನದಕ್ಕೂ ಅವನಿಗೆ ಹೋಗಲು ಬೇರೆ ಮನೆಗಳಿದ್ದವು.

ಹದಿನಾಲ್ಕು ಸಾಲು, ಒಂಬತ್ತು ಕಾಲಂ. ಗುಂಡಿನ ಭಾರ, ವೇಗ, ಮುನ್ನೂರು ಗಜದಾಚೆ ಉಳಿಯುವ ಶಕ್ತಿ, ಅಲ್ಲಿಗೆ ಹೋಗುವಷ್ಟರಲ್ಲಿ ಅದು ಎಷ್ಟು ಇಂಚು ಕೆಳಗಿಳಿಯುತ್ತದೆ. ಕೊನೆಗೆ, ಪೈಪಿಗೆ ಮಾಡುವಂತೆಯೇ, ಬೇಕಾದ್ದಕ್ಕಿಂತ ಒಂದೂವರೆ ಪಟ್ಟು ಹೆಚ್ಚಿರಲಿ ಎಂದು ಎಲ್ಲದರ ಮೇಲೂ ಸೇಫ್ಟಿ ಫ್ಯಾಕ್ಟರ್ ಹಾಕಿದ. ಹಾಗೆ ಹಾಕಿದಾಗ ಮೇಲಕ್ಕೆ ಬಂದದ್ದು ತ್ರೀ ಹಂಡ್ರೆಡ್ ಮ್ಯಾಗ್ನಂ ಎಂಬ ಭಾರೀ ರೈಫಲ್ಲು, ನೂರಾ ಎಂಬತ್ತು ಗ್ರೇನ್ ಗುಂಡು. ಟೂ ಸೆವೆಂಟಿ ಎನ್ನುವ ಹಗುರದ್ದು ಹನ್ನೊಂದನೆಯ ಜಾಗದಲ್ಲಿ ಮೂಲೆಗೆ ಸೇರಿತ್ತು.

ಶುಕ್ರವಾರ ಸಂಜೆ ರಿಷಭ್ ಬಂದ. ಶನಿವಾರ ಬೆಳಿಗ್ಗೆ ಇಬ್ಬರೂ ಊರಾಚೆಯ ಶೂಟಿಂಗ್ ರೇಂಜಿಗೆ ಹೊರಟರು. ಕೊಳ್ಳುವ ಮೊದಲು ಬಾಡಿಗೆಯ ರೈಫಲ್ಲಿನಲ್ಲಿ ಹೊಡೆದು ನೋಡುವುದೆಂದು ಮಾತಾಗಿತ್ತು. ದಾರಿಯುದ್ದಕ್ಕೂ ಹುಡುಗ ಕಿಟಕಿಯಾಚೆ ನೋಡುತ್ತಿದ್ದ.

"ನೂರಾ ಎಂಬತ್ತು ಗ್ರೇನ್ ಅಂದ್ರೆ ಎಷ್ಟು ಗೊತ್ತಾ?" ಎಂದು ಸುಧೀಂದ್ರನೇ ಮಾತು ತೆಗೆದ. "ಸರಿಯಾಗಿ ಒಂದು ತೊಲ."

"ವಾಟ್ಸ್ ತೊಲ?"

"ಚಿನ್ನ ತೂಗೋ ಅಳತೆ. ನಿಮ್ಮಮ್ಮನ ಬಳೆ ಒಂದೊಂದೂ ಒಂದು ತೊಲ."

ರಿಷಭ್ ತಿರುಗಿ ಅಪ್ಪನ ಮುಖ ನೋಡಿದ. ಆ ಮುಖದಲ್ಲಿ ಅಂಕಿ ಹೇಳಿದ ಸಮಾಧಾನ ಬಿಟ್ಟು ಬೇರೇನೂ ಇರಲಿಲ್ಲ. ಅವನು ಮತ್ತೆ ಕಿಟಕಿಯ ಕಡೆ ತಿರುಗಿದ.

ರೇಂಜಿನಲ್ಲಿ ಅವರ ಸಾಲಿಗೆ ಇದ್ದ ಮೇಲ್ವಿಚಾರಕ ವೇಯ್ನ್ ಎಂಬ ಎಪ್ಪತ್ತು ದಾಟಿದ ಮುದುಕ. ಕಿವಿಗೆ ಮುಚ್ಚಳ, ಕಣ್ಣಿಗೆ ಕನ್ನಡಕ ಕೊಟ್ಟು, ಹುಡುಗನ ಭುಜಕ್ಕೆ ದಪ್ಪನೆಯ ಮೆತ್ತೆಯನ್ನೂ ಕಟ್ಟಿದ. ಮಗ ಮ್ಯಾಗ್ನಂ ಎತ್ತಿ ಎಂಟು ಗುಂಡು ಹಾರಿಸಿದ. ನೂರು ಗಜ ದೂರದ ಕಾಗದದ ಮೇಲೆ ಎರಡು ತೂತು ಬಿದ್ದವು, ಅವೂ ಅಂಚಿನಲ್ಲಿ. ಉಳಿದವು ಎಲ್ಲಿ ಹೋದವೋ ಹಿಂದಿನ ಮಣ್ಣುದಿಬ್ಬಕ್ಕೇ ಗೊತ್ತು.

ಈ ಬಂದೂಕನ್ನು ಆರಿಸಿದವರು ಯಾರು ಎಂದು ವೇಯ್ನ್ ಕೇಳಿದ. ಸುಧೀಂದ್ರ ಮಡಿಸಿಟ್ಟ ಪಟ್ಟಿಯನ್ನು ಜೇಬಿನಿಂದ ತೆಗೆದುಕೊಟ್ಟ. ಮುದುಕ ಅದನ್ನು ಮೇಲಿನಿಂದ ಕೆಳಗಿನವರೆಗೆ ಓದಿ, ಐವತ್ತು ವರ್ಷದಲ್ಲಿ ಇಷ್ಟು ಒಳ್ಳೆಯ ಪಟ್ಟಿ ನೋಡಿಲ್ಲ ಎಂದ. ಆಮೇಲೆ, ಇದರಲ್ಲಿ ಭುಜಕ್ಕೊಂದು ಕಾಲಂ ಎಲ್ಲಿ ಎಂದು ಕೇಳಿದ. ಸುಧೀಂದ್ರನಿಗೆ ಅರ್ಥವಾಗಲಿಲ್ಲ. ಹಾಗಾದರೆ ನೀನೇ ಹೊಡೆದು ನೋಡು ಎಂದು ಮುದುಕ ರೈಫಲ್ಲನ್ನು ಅವನ ಕೈಗೆ ಕೊಟ್ಟ. ಮೆತ್ತೆ ಕೊಡಲು ಬಂದರೆ ಸುಧೀಂದ್ರ ಬೇಡವೆಂದ.

ಮೊದಲ ಗುಂಡು ವೃತ್ತದೊಳಗೆ ಬಿತ್ತು. ಎರಡನೆಯದು ಅದರ ಪಕ್ಕ. ರೈಫಲ್ಲಿನ ಹಿಂಬದಿ ಕೋಣ ಗುಮ್ಮಿದ ಹಾಗೆ ಬಂದು ಭುಜಕ್ಕೆ ಬಡಿಯುತ್ತಿತ್ತು. ಬಡಿಯುತ್ತಿದೆ ಎಂದು ತಿಳಿಯುತ್ತಿತ್ತು, ಆದರೆ ಬಡಿಸಿಕೊಳ್ಳುತ್ತಿದ್ದವನು ಬೇರೆ ಯಾರೋ. ಡಬ್ಬಿಯಲ್ಲಿ ಉಳಿದಿದ್ದ ಹನ್ನೆರಡರಲ್ಲಿ ಹತ್ತನ್ನು ಅವನು ಹೊಡೆದ. ಹತ್ತೂ ಒಂದು ತಟ್ಟೆಯಗಲದೊಳಗೆ ಬಿದ್ದವು. ಸಾಕು ಎಂದು ಮುದುಕನೇ ತಡೆದ.

ಆಮೇಲೆ ವೇಯ್ನ್ ಅವರಿಗೆ ಬೆನ್ನು ಮಾಡಿ ನಿಂತು, ತಾನೇ ರೈಫಲ್ಲನ್ನು ತುಂಬಿ ರಿಷಭನಿಗೆ ಕೊಟ್ಟ. ಹುಡುಗ ಗುರಿಯಿಟ್ಟು ಕುದುರೆ ಎಳೆದ. ಟಕ್ ಎಂದಿತು, ಅಷ್ಟೇ. ಒಳಗಿದ್ದುದು ಬರಿಯ ತೋಟೆ, ಮದ್ದಿಲ್ಲದ್ದು. ಸಿಡಿಯದ ಬಂದೂಕಿನ ಮೂತಿ ಮಾತ್ರ ಗೇಣುದ್ದ ಕೆಳಗೆ ಕುಸಿದಿತ್ತು. ಹುಡುಗನ ಎರಡು ಕಣ್ಣೂ ಮುಚ್ಚಿದ್ದವು, ಹಲ್ಲು ಕಚ್ಚಿಕೊಂಡಿದ್ದ. ಏಟು ಬೀಳುವ ಮೊದಲೇ ಅವನು ಏಟು ತಿಂದು ಮುಗಿಸಿದ್ದ.

ಅದೇ ಆಟ ಸುಧೀಂದ್ರನ ಮೇಲೂ ಆಯಿತು. ಟಕ್. ಸಿಮೆಂಟಿನಲ್ಲಿ ಹೂತಂತೆ ಮೂತಿ ನಿಂತಲ್ಲೇ ನಿಂತಿತ್ತು. ಮುದುಕ ತಲೆದೂಗಿ, ಏಟಿಗೆ ಬೆಚ್ಚದ ಇಂಥ ಮನುಷ್ಯ ಸಾವಿರಕ್ಕೊಬ್ಬ ಸಿಗುತ್ತಾನೆ ಎಂದ.

"ಆಫ್ ಕೋರ್ಸ್," ಎಂದ ರಿಷಭ್. "ಹೀ ನೆವರ್ ಫ್ಲಿಂಚಸ್."

"ರಿಷಭ್..."

"ಅಮ್ಮ ಹೋದ್ ದಿನಾನೂ ಯೂ ವರ್ ಫಿಲಿಂಗ್ ದಟ್ ಟೇಬಲ್. ನರ್ಸ್ ಬಂದು ಹೇಳಿದ್ರೂ. ನಾನು ನೋಡ್ತಿದ್ದೆ. ಯೂ ಲುಕ್ಡ್ ಅಪ್, ಆಂಡ್ ದೆನ್ ಯೂ ರೋಟ್ ದ ಟೈಮ್."

ಪಕ್ಕದ ಸಾಲಿನಲ್ಲಿ ಯಾರದೋ ಗುಂಡು ಹಾರಿತು. ವೇಯ್ನ್‌ಗೆ ಭಾಷೆ ಅರ್ಧ ತಿಳಿಯದಿದ್ದರೂ ಉಳಿದದ್ದು ತಿಳಿದಿರಬೇಕು. ತೋಟೆಗಳನ್ನು ಆರಿಸುವ ನೆಪದಲ್ಲಿ ದೂರ ಸರಿದ.

ನಿಜವೇ. ಆಸ್ಪತ್ರೆಯ ಹದಿನೇಳು ದಿನವೂ ಅವನು ಪಟ್ಟಿ ಇಟ್ಟಿದ್ದ: ಜ್ವರ, ರಕ್ತದ ಎಣಿಕೆ, ಔಷಧಿ, ಹೊತ್ತು. ಕೊನೆಯ ಸಾಲಿನಲ್ಲಿ 4.10 ಎಂದು ಬರೆದು ಉಳಿದ ಕಾಲಂಗಳಲ್ಲಿ ಏನು ತುಂಬಬೇಕೆಂದು ತಿಳಿಯದೆ ಬಹಳ ಹೊತ್ತು ಪೆನ್ನು ಹಿಡಿದು ಕೂತಿದ್ದ. ಮಗ ನೋಡುತ್ತಿದ್ದುದು ಅವನಿಗೆ ಗೊತ್ತಿರಲಿಲ್ಲ.

"ನಿಲ್ಲಿಸಿದ್ರೆ ಆಮೇಲೇನು ಮಾಡ್ಬೇಕು ಅಂತ ಗೊತ್ತಿರ್ಲಿಲ್ಲ ಕಣೋ," ಎಂದ ಸುಧೀಂದ್ರ. "ಈಗ್ಲೂ ಗೊತ್ತಿಲ್ಲ."

ಸುಧೀಂದ್ರ ಬೆಂಚಿನ ಮೇಲೆ ಬಿಚ್ಚಿ ಬಿದ್ದಿದ್ದ ಪಟ್ಟಿಯನ್ನು ಎತ್ತಿಕೊಂಡು, ಜೇಬಿನ ಪೆನ್ನು ತೆಗೆದು ಮೊದಲ ಸಾಲನ್ನು ಹೊಡೆದುಹಾಕಿದ. ಆಮೇಲೆ ಎರಡನೆಯದನ್ನು, ಮೂರನೆಯದನ್ನು. ಹತ್ತು ಸಾಲು ಹೊಡೆದು ಹನ್ನೊಂದರಲ್ಲಿ ನಿಂತ. ಟೂ ಸೆವೆಂಟಿ, ನೂರೈವತ್ತು ಗ್ರೇನ್. ಮ್ಯಾಗ್ನಂ ಒದೆಯುವುದರಲ್ಲಿ ಮೂರರಲ್ಲೆರಡು ಪಾಲು ಒದೆಯುತ್ತದೆ. ಎಲ್ಕ್‌ಗೆ ಬೇಕಾದಷ್ಟು ಶಕ್ತಿ ಮುನ್ನೂರು ಗಜದಲ್ಲೂ ಉಳಿದಿರುತ್ತದೆ, ಮೇಲೆ ಹೆಚ್ಚೇನೂ ಉಳಿಯುವುದಿಲ್ಲ. ತಪ್ಪು ಜಾಗಕ್ಕೆ ಬಿದ್ದ ಒಂದು ತೊಲಕ್ಕಿಂತ ಸರಿಯಾದ ಜಾಗಕ್ಕೆ ಬಿದ್ದ ಮುಕ್ಕಾಲು ಚಿಲ್ಲರೆ ತೊಲ ಪ್ರಾಣಿಗೂ ಒಳ್ಳೆಯದು ಎಂದು ವೇಯ್ನ್ ಹೇಳಿ, ತನ್ನ ಗಾಡಿಯಿಂದ ತನ್ನದೇ ಹಳೆಯ ಟೂ ಸೆವೆಂಟಿ ತಂದುಕೊಟ್ಟ. ತೊಲ ಎಂಬುದು ಸುಧೀಂದ್ರ ಮನಸ್ಸಿನಲ್ಲೇ ಮಾಡಿಕೊಂಡ ಅನುವಾದ.

ಮೊದಲೆರಡು ಸಲ ರಿಷಭನ ಕಣ್ಣು ಮುಚ್ಚಿತು. ಮೂರನೆಯ ಸಲ ಅರ್ಧ. ಏಳನೆಯದು ವೃತ್ತದ ನಡುವೆಯೇ ಬಿತ್ತು. ಹುಡುಗ ತಲೆಯೆತ್ತಿ, ಅಭ್ಯಾಸಬಲದಿಂದಲೋ ಏನೋ, ಅಪ್ಪನ ಕಡೆ ನೋಡಿದ.

ಮನೆ ತಲುಪಿದಾಗ ನಾಲ್ಕು ಗಂಟೆ. ಬಟ್ಟೆಗೆಲ್ಲ ಮದ್ದಿನ ವಾಸನೆ ಹಿಡಿದಿತ್ತು. ಸ್ನಾನಕ್ಕೆಂದು ಸುಧೀಂದ್ರ ಅಂಗಿ ಬಿಚ್ಚಲು ಹೋದರೆ ಬಲಗೈ ಮೇಲೇಳಲಿಲ್ಲ. ಅಡುಗೆಮನೆಯ ಸ್ಟೂಲಿನ ಮೇಲೆ ಕೂತು ಎಡಗೈಯಲ್ಲೇ ಗುಂಡಿ ಬಿಚ್ಚಿ ಅಂಗಿ ಜಾರಿಸಿದ. ಭುಜದಿಂದ ಎದೆಯವರೆಗೆ ನೇರಳೆ ಹಣ್ಣು ಹಿಸುಕಿದಂಥ ಬಣ್ಣ. ನೀರು ಕುಡಿಯಲು ಬಂದ ರಿಷಭ್ ಲೋಟ ಹಿಡಿದು ಅಲ್ಲೇ ನಿಂತುಬಿಟ್ಟ.

ಲೋಟವನ್ನು ಇಟ್ಟು ಗರಾಜಿನ ಬಾಗಿಲು ತೆಗೆದುಕೊಂಡು ಹೋದ. ಫ್ರೀಜರಿನ ರಬ್ಬರು ಪಟ್ಟಿ ಕಿತ್ತು ಬಂದ ಸದ್ದು ಕೇಳಿತು. ಆಮೇಲೆ ಬಹಳ ಹೊತ್ತು ಏನೂ ಕೇಳಲಿಲ್ಲ. ವಾಪಸು ಬಂದಾಗ ಅವನ ಕೈಯಲ್ಲಿ ಕಲ್ಲಾಗಿದ್ದ ಒಂದು ಕಾಯಿತುರಿಯ ಚೀಲವಿತ್ತು. ಅದರ ಮೇಲಿನ ಹಿಮವನ್ನು ಹೆಬ್ಬೆರಳಿನಿಂದ ಒರೆಸಿದ್ದ. 'ಜನವರಿ 30. ಯುಗಾದಿ ಒಬ್ಬಟ್ಟಿಗೆ' ಎಂದು ಮಧುರಾಳ ದುಂಡು ಅಕ್ಷರ.

ಅದನ್ನು ಹಾಗೆಯೇ ಅಪ್ಪನ ಭುಜದ ಮೇಲಿಟ್ಟು ಒತ್ತಿ ಹಿಡಿದ. ಸುಧೀಂದ್ರನ ಮೈ ಜುಮ್ಮೆಂದು ಅದುರಿತು.

"ನೋಯ್ತಿದ್ಯಾ ಅಪ್ಪ?"

ಸುಧೀಂದ್ರ ಎಡಗೈಯಿಂದ ಸ್ಟೂಲಿನ ಅಂಚು ಹಿಡಿದುಕೊಂಡ.

"ಹೂಂ ಕಣೋ," ಎಂದ. "ತುಂಬಾ ನೋಯ್ತಿದೆ."

ರಿಷಭ್ ಇನ್ನೊಂದು ಸ್ಟೂಲನ್ನು ಕಾಲಿನಿಂದ ಎಳೆದುಕೊಂಡು ಹಿಂದೆ ಕೂತ, ಕೈ ತೆಗೆಯಲಿಲ್ಲ. ಚೀಲ ಮೆಲ್ಲಗೆ ಮೆತ್ತಗಾಗತೊಡಗಿತು. ಮೂಲೆಯಲ್ಲಿ ಎಲ್ಲೋ ಸೀಳಿದ್ದಿರಬೇಕು, ಬೆಳ್ಳನೆಯ ನೀರು ಬೆನ್ನಿನ ಮೇಲೆ ಗೆರೆಯಾಗಿ ಇಳಿದು ನೆಲಕ್ಕೆ ತೊಟ್ಟಿಕ್ಕಿತು. ಅದನ್ನು ಮತ್ತೆ ಫ್ರೀಜರಿಗೆ ಇಟ್ಟು ಬರಲು ಇಬ್ಬರೂ ಏಳಲಿಲ್ಲ.