ಸಾದಾ ಗಡ್ಡೆ

ರೂಬಿನಾಳ ಎಡದವಡೆ ಉಬ್ಬತೊಡಗಿದಾಗ, ಪೇಟೆಯ ಹಲ್ಲಿನ ಡಾಕ್ಟರು ಬೆರಳಿನಿಂದ ಒತ್ತಿ ನೋಡಿ, "ಹಲ್ಲಿನ ಬಾವು. ಕಿತ್ತರ ಇಳೀತೈತಿ," ಎಂದರು. ಕಿತ್ತರು. ಬಾವು ಇಳಿಯಲಿಲ್ಲ. ಪಕ್ಕದ ಹಲ್ಲು ಅಲುಗಾಡಿತು. ಅದನ್ನೂ ಕಿತ್ತು ಗುಳಿಗೆ ಬರೆದುಕೊಟ್ಟರು. ನೋವು ಇರಲಿಲ್ಲವಾದ್ದರಿಂದ ಅವಳೂ ನಂಬಿದಳು. ಗುಡಗೇರಿಯ ಮನೆಯಲ್ಲಿ ಜಂಪರು ಹೊಲಿಯುತ್ತ ಎರಡು ವರ್ಷ ಕಳೆದಳು.

ಓಣಿಯವರು ಕ್ಯಾನ್ಸರ್ ಎಂದು ಪಿಸುಗುಟ್ಟತೊಡಗಿದ ಮೇಲೆ ತಾಯಿ ಶರೀಫಾಬಿ ಅವಳನ್ನು ಹುಬ್ಬಳ್ಳಿಗೆ ಕರೆದೊಯ್ದಳು. ಅಲ್ಲಿಯ ಡಾಕ್ಟರ್ ಸುನೀತಾ ಮೊದಲು ಇಡೀ ದವಡೆಯ ಎಕ್ಸ್‌ರೇ ತೆಗೆಸಿದರು. ಎಲುಬು ಇರಬೇಕಾದ ಕಡೆ ಸಾಬೂನಿನ ನೊರೆಯಂತೆ ಕಪ್ಪು ಗುಳ್ಳೆಗಳು. ಗಡ್ಡೆಯ ತುಣುಕೊಂದನ್ನು ಪರೀಕ್ಷೆಗೆ ಕಳಿಸಿ, ವರದಿ ಬಂದ ಮೇಲೆ ಕೂರಿಸಿಕೊಂಡು ಹೇಳಿದರು:

"ಕ್ಯಾನ್ಸರ್ ಅಲ್ಲ ತಂಗಿ. ಹಲ್ಲು ಹುಟ್ಟಿಸೂ ಜೀವಕೋಶದಿಂದನ ಬೆಳೆಯೂ ಅಪರೂಪದ ಗಡ್ಡಿ. ಅಮೆಲೋಬ್ಲಾಸ್ಟೋಮಾ ಅಂತಾರ. ಬ್ಯಾರೆ ಕಡೆ ಹಬ್ಬೂದು ಭಾಳ ಕಡಿಮಿ, ಆದರ ಇದ್ದಲ್ಲೇ ಎಲುಬು ತಿಂದು ಹಾಕತೈತಿ. ಬರೇ ಕೆರೆದು ತಗದರ ಮತ್ತ ಬೆಳೀತೈತಿ. ಅರ್ಧ ದವಡಿ ತಗದು, ಕಾಲಿನ ಎಲುಬು ಕೂಡಸಬೇಕು."

"ಮದಲ ಬಂದಿದ್ದರ?" ರೂಬಿನಾ ಕೇಳಿದಳು.

ಸುನೀತಾ ಎಕ್ಸ್‌ರೇಯ ಕಪ್ಪು ಗುಳ್ಳೆಗಳ ಮೇಲೆ ಬೆರಳಾಡಿಸಿದರು. "ಇಷ್ಟು ತಗೀಬೇಕಾಗತಿರಲಿಲ್ಲ."

ಶಸ್ತ್ರಚಿಕಿತ್ಸೆ ಚೆನ್ನಾಗಿಯೇ ಆಯಿತು. ಮೂಗಿನ ನಳಿಗೆಯಲ್ಲಿ ಗಂಜಿ ಹೋಯಿತು, ಆಮೇಲೆ ಕೋಲು ಹಿಡಿದು ನಡೆದಳು. ನೋಡಲು ಬಂದವರದೆಲ್ಲ ಒಂದೇ ಮಾತು: "ಅಲ್ಲಾಗ ಶುಕರ್ ಮಾಡವಾ, ಸಾದಾ ಗಡ್ಡಿ!" ಕೇಳಿದಾಗಲೆಲ್ಲ ರೂಬಿನಾಳ ಮೈ ಉರಿಯುತ್ತಿತ್ತು. ರೊಟ್ಟಿ ಅಗಿಯಲಾಗದ ಬಾಯಿಗೆ ಯಾವ ಸಾದಾ?

ಕಾಲು ನೆಟ್ಟಗಾದ ಕೂಡಲೇ ಪೇಟೆಯ ದವಾಖಾನೆಗೆ ಹೋಗಿ, ಡಾಕ್ಟರ ಮೇಜಿನ ಮೇಲೆ ಎಕ್ಸ್‌ರೇ, ವರದಿ ಎರಡನ್ನೂ ಇಟ್ಟಳು. ಅವರು ಎಕ್ಸ್‌ರೇ ಬೆಳಕಿಗೆ ಹಿಡಿದು, ವರದಿ ಓದಿ, "ಕ್ಯಾನ್ಸರ್ ಅಲ್ಲಲ್ಲ, ನಸೀಬ ಚಲೋ ಐತಿ ಬಿಡು," ಎಂದರು.

"ನಸೀಬ ಅನಬ್ಯಾಡ್ರಿ!" ತುಟಿ ಮರಗಟ್ಟಿ ಮಾತು ತೊದಲುತ್ತಿತ್ತು, ದನಿ ಮಾತ್ರ ತಗ್ಗಲಿಲ್ಲ. "ಹಲ್ಲ ಕೀಳೂಮುಂದ ಒಳಗ ಏನೈತಿ ಅಂತ ನೋಡೂದು ನಿಮ್ಮ ಕೆಲಸೋ, ನಂದೋ?"

"ಮೆಲ್ಲಕ ಮಾತಾಡು. ಹೊರಗ ಪೇಶಂಟ್ ಅದಾರ."

"ಅವರೂ ಕೇಳಲಿ ಅಂತನ ಬಂದೇನ್ರಿ."

ಬಾಗಿಲನ್ನು ಪೂರಾ ತೆರೆದಳು. ಬೆಂಚಿನ ಮೇಲೆ ಮುದುಕ ಹಸನಸಾಬ ಕೆನ್ನೆ ಹಿಡಿದು ಕೂತಿದ್ದ. "ಕಾಕಾ, ಎಕ್ಸ್‌ರೇ ತಗಸೂತನಕಾ ಹಲ್ಲ ಕೀಳಸಬ್ಯಾಡ್ರಿ. ನನ್ನ ಮಾರಿ ನೋಡ್ರಿ."

ಹಸನಸಾಬ ಅವಳನ್ನು ನೋಡಿದ, ಆಮೇಲೆ ಡಾಕ್ಟರನ್ನು ನೋಡಿದ. "ಮದಲ ಎಕ್ಸ್‌ರೇ ಬರದಕೊಡ್ರಿ ಸಾಹೇಬ್ರ," ಎಂದ.

ಡಾಕ್ಟರು ಮುಖ ಕೆಂಪಗೆ ಮಾಡಿಕೊಂಡು ಚೀಟಿ ಬರೆದರು. ತಪ್ಪಾಯಿತು ಎಂಬ ಒಂದು ಮಾತೂ ಅವರ ಬಾಯಿಂದ ಬರಲಿಲ್ಲ. ರೂಬಿನಾಳ ಸಿಟ್ಟೂ ಇಳಿಯಲಿಲ್ಲ. ಮರುದಿನ ಬೆಳಿಗ್ಗೆ ಜಿಲ್ಲಾ ಆರೋಗ್ಯ ಕಚೇರಿಗೆ ದೂರು ಕೊಡಲು ತಾಯಿಯೊಡನೆ ಧಾರವಾಡಕ್ಕೆ ಹೊರಟಳು.