ಮಂಚ ಯಾಕೆ ಬಿಚ್ತಿದ್ದೀರಿ?

ಮಂಚದಣ್ಣನಿಗೆ ಆ ಹೆಸರಿಟ್ಟವರು ಯಾರೆಂದು ಅವನಿಗೇ ಮರೆತುಹೋಗಿದೆ. ಕಾಯಿಲೆಯವರಿರುವ ಮನೆಗಳಿಗೆ ಆಸ್ಪತ್ರೆ ಮಂಚ, ಗಾಲಿಕುರ್ಚಿ, ವಾಕರ್, ಆಕ್ಸಿಜನ್ ಯಂತ್ರಗಳನ್ನು ಬಾಡಿಗೆಗೆ ಕೊಡುವುದು ಅವನ ವ್ಯಾಪಾರ. ಅಂಗಡಿ ಅಂತ ಬೇರೆ ಇಲ್ಲ, ಇರುವ ಮನೆಯೇ ಅಂಗಡಿ. ನಡುಮನೆಯಲ್ಲಿ ಕೂರಲು ಗಾಲಿಕುರ್ಚಿಗಳೇ ಗತಿ. ಬಂದ ನೆಂಟರು ಮಾತಿನ ಭರದಲ್ಲಿ ಹಿಂದಕ್ಕೆ ಸರಿದು ಗೋಡೆಗೆ ಗುದ್ದಿಕೊಳ್ಳುತ್ತಾರೆ. ಅವನ ಹೆಂಡತಿ ತರಕಾರಿ ಹೆಚ್ಚುವುದು, ರೋಗಿಗಳು ಮಲಗಿದಲ್ಲೇ ಊಟ ಮಾಡಲೆಂದು ಮಾಡಿದ ಗಾಲಿಮೇಜಿನ ಮೇಲೆ. ಚಾಕು ಒತ್ತಿದರೆ ಮೇಜು ಅಡುಗೆಮನೆ ದಾಟಿ ಹೊರಡುತ್ತದೆ, ಅವಳೂ ಬೈಯುತ್ತಾ ಅದರ ಹಿಂದೆ ಹೊರಡುತ್ತಾಳೆ.

ಈ ಗಂಡಹೆಂಡಿರ ವ್ಯಾಪಾರಕ್ಕೆ ಒಂದೇ ಕಟ್ಟಳೆ. ಯಾರಾದರೂ ಫೋನ್ ಮಾಡಿ 'ಮಂಚ ಬೇಡ, ತಗೊಂಡು ಹೋಗಿ' ಅಂದರೆ ಯಾಕೆ ಅಂತ ಕೇಳಬಾರದು. ವ್ಯಾಪಾರ ಶುರುಮಾಡಿದ ಹೊಸದರಲ್ಲಿ ಅವಳು ಒಬ್ಬರನ್ನು ಖುಷಿಯಿಂದ "ಹುಷಾರಾದ್ರಾ?" ಎಂದು ಕೇಳಿದ್ದಕ್ಕೆ ಆ ಕಡೆಯವರು ಗೊಳೋ ಎಂದು ಅತ್ತಿದ್ದರು. ಅವತ್ತಿನಿಂದ ಫೋನಿನಲ್ಲಿ ವಿಳಾಸ ಕೇಳಿ ಸುಮ್ಮನಾಗುತ್ತಾರೆ. ಉಳಿದದ್ದನ್ನು ಮಂಚದಣ್ಣ ಹೋಗಿ ಮನೆ ನೋಡಿಯೇ ತಿಳಿಯುತ್ತಾನೆ. ಎದ್ದು ಓಡಾಡಿದವರ ಮನೆಯಾದರೆ ಮಾತ್ರೆ ಸೀಸೆಗಳು ಇನ್ನೂ ಕಿಟಕಿಯಲ್ಲೇ ಇರುತ್ತವೆ, ಯಾರಾದರೂ ನಗುತ್ತಿರುತ್ತಾರೆ. ಹೋದವರ ಮನೆಯಾದರೆ ಕಿಟಕಿಗಳೆಲ್ಲ ತೆರೆದಿರುತ್ತವೆ, ಹಾಸಿಗೆ ಸುತ್ತಿಟ್ಟಿರುತ್ತದೆ, ಹೊದಿಕೆ ಒಗೆದು ಹಾಕಿರುತ್ತದೆ. ಈ ಲೆಕ್ಕ ಒಮ್ಮೆಯೂ ತಪ್ಪಿಲ್ಲ ಎಂದು ಅವನಿಗೆ ಒಳಗೊಳಗೇ ಜಂಬ.

ಆ ಬೆಳಿಗ್ಗೆ ಅವನು ಹೋದದ್ದು ಮುದುಕ ಟೈಲರ್ ಒಬ್ಬರ ಮನೆಗೆ. ಬೇರೆ ಬೀದಿಯಲ್ಲಿರುವ ಮಗಳು ಫೋನ್ ಮಾಡಿ ಅಮ್ಮನ ಮಂಚ ಒಯ್ಯಿರಿ ಎಂದಿದ್ದಳು. ಸೊಂಟ ಮುರಿದುಕೊಂಡ ಆ ಅಮ್ಮನನ್ನು ಅವನು ಕಂಡೇ ಇರಲಿಲ್ಲ. ಮಂಚ, ವಾಕರ್ ತಂದು ಹಾಕಿದಾಗ ಆಕೆ ಇನ್ನೂ ಆಸ್ಪತ್ರೆಯಲ್ಲಿದ್ದರು.

ಬಾಗಿಲು ತೆರೆದವರು ಟೈಲರ್ ತಾತ. ಕೆಲಸ ಬಿಟ್ಟು ಎಷ್ಟೋ ಕಾಲವಾಗಿದ್ದರೂ ಕೊರಳಲ್ಲಿ ಅಳತೆ ಟೇಪು ನೇತಾಡುತ್ತಿತ್ತು. ಮಂಚದಣ್ಣ ಒಳಗೆ ಕಣ್ಣು ಹಾಯಿಸಿದ. ಕಿಟಕಿಗಳು ತೆರೆದಿವೆ. ಹಾಸಿಗೆ ಸುತ್ತಿಟ್ಟಿದೆ. ಹಿತ್ತಲ ತಂತಿಯ ಮೇಲೆ ಹೊದಿಕೆಯಿಂದ ನೀರು ತೊಟ್ಟಿಕ್ಕುತ್ತಿದೆ. ನಗು ಎಲ್ಲೂ ಇಲ್ಲ. ಮಂಚದಣ್ಣ ಚಪ್ಪಲಿ ಬಿಟ್ಟು, ದನಿ ಇಳಿಸಿ, ಇಂಥ ಮನೆಗಳಲ್ಲಿ ಆಡುವ ಮಾತನ್ನೇ ಆಡಿದ.

"ಏನ್ ಮಾಡೋಕಾಗುತ್ತೆ ಯಜಮಾನ್ರೇ. ಜಾಸ್ತಿ ನರಳದೆ ಹೋದ್ರಲ್ಲ, ಅಷ್ಟೇ ಸಮಾಧಾನ."

"ಯಾರು?" ಎಂದರು ತಾತ.

"ನಿಮ್ಮ ಮನೆಯವರು."

ತಾತ ಅವನ ಮುಖವನ್ನೇ ನೋಡಿದರು. ಆಮೇಲೆ ಖಾಲಿ ಮಂಚ ನೋಡಿದರು. ಹಾಗೇ ಕುರ್ಚಿಯಲ್ಲಿ ಕುಸಿದು, ಟೇಪಿನ ತುದಿಯಿಂದ ಕಣ್ಣೊರೆಸಿಕೊಳ್ಳತೊಡಗಿದರು. ಪಾಪ, ಇನ್ನೂ ಹಸಿ ದುಃಖ ಎಂದುಕೊಂಡ ಮಂಚದಣ್ಣ ಸ್ಪ್ಯಾನರ್ ತೆಗೆದು ಮಂಚದ ಪಕ್ಕದ ಕಂಬಿಗಳನ್ನು ಬಿಚ್ಚಲು ಕೂತ.

ಒಂದು ಕಂಬಿ ಬಿಚ್ಚಿ ಇನ್ನೊಂದಕ್ಕೆ ಕೈ ಹಾಕಿದ್ದ. ಹಿತ್ತಲ ಕಡೆಯಿಂದ ಟಕ್ ಟಕ್ ಎಂದು ವಾಕರ್ ಊರಿಕೊಂಡು, ಕೈ ಬಟ್ಟೆಯೆಲ್ಲ ಸೋಪಿನ ನೊರೆ ಮಾಡಿಕೊಂಡು ಹೆಂಗಸೊಬ್ಬರು ಬಂದರು. ಮುಖ ಅರಳಿತ್ತು.

"ಬಂದ್ಯಾಪ್ಪಾ? ಸಾಗಿಸು ಮೊದಲು. ಈ ದರಿದ್ರ ಮಂಚದ ಮುಖ ಮತ್ತೆ ನೋಡಲ್ಲ ನಾನು. ನನ್ನ ಹೊದಿಕೆ ನಾನೇ ಒಗೆದೆ ಗೊತ್ತಾ, ನಿಂತ್ಕೊಂಡೇ!"

ಲೆಕ್ಕ ತಪ್ಪಿದೆ ಎಂದು ಮಂಚದಣ್ಣನಿಗೆ ತಿಳಿಯಿತು. ಎಷ್ಟು ತಪ್ಪಿದೆ ಎಂಬುದು ಇನ್ನೂ ತಿಳಿದಿರಲಿಲ್ಲ.

ಟೈಲರಮ್ಮ ಗಂಡನ ಕಡೆ ತಿರುಗಿದರು. "ಯಾಕ್ರೀ ಅಳ್ತಿದ್ದೀರಾ? ನೋಡಿ, ನಡೀತಿದ್ದೀನಿ! ನೀವು ಮಲಗಿದ್ದಾಗೆಲ್ಲ ಕದ್ದು ಕದ್ದು ಕಲ್ತೆ. ಇವತ್ತು ತೋರಿಸೋಣ ಅಂತಿದ್ದೆ."

ತಾತ ಕೈಮುಗಿದರು. "ಬನ್ನಿ ತಾಯಿ, ಕೂತ್ಕೊಳ್ಳಿ. ನಮ್ಮನೇವ್ಳು ಹೋಗ್ಬಿಟ್ಲು. ಇವರೇ ಈಗ ಬಂದು ಹೇಳಿದ್ರು."

ಆಕೆ ನಕ್ಕುಬಿಟ್ಟರು. ತಾತ ನಗಲಿಲ್ಲ. ಹೆಂಡತಿ ಬಿದ್ದಂದಿನಿಂದ ಅವರಿಗೆ ಮರೆವು ಅಂಟಿಕೊಂಡಿತ್ತು. ಏನೇನೋ ಮರೆತರೂ ಒಂದು ಮಾತ್ರ ಮರೆತಿರಲಿಲ್ಲ, ಹೆಂಡತಿ ಮಂಚದ ಮೇಲಿದ್ದಾಳೆ, ಹೋಗಿ ಪಕ್ಕ ಕೂರಬೇಕು ಎಂಬುದು. ಮಂಚಕ್ಕೆ ಅಳತೆ ತೆಗೆದು ಹೊದಿಕೆ ಹೊಲಿದವರೂ ಅವರೇ. ಇದನ್ನೆಲ್ಲ ಟೈಲರಮ್ಮ ಗಡಿಬಿಡಿಯಲ್ಲಿ ಮಂಚದಣ್ಣನಿಗೆ ಹೇಳಿ, "ಅಯ್ಯೋ, ಏನಪ್ಪಾ ಅಂದೆ ಇವರಿಗೆ?" ಎಂದರು.

ಮಂಚದಣ್ಣ ಸ್ಪ್ಯಾನರ್ ಕೆಳಗಿಟ್ಟ. "ಯಜಮಾನ್ರೇ, ನಾನು ಬಾಯ್ತಪ್ಪಿ ಅಂದ್ಬಿಟ್ಟೆ. ಅಮ್ಮನಿಗೆ ಏನೂ ಆಗಿಲ್ಲ. ನೋಡಿ, ನಿಮ್ಮೆದುರಿಗೇ ನಿಂತಿದ್ದಾರೆ."

ತಾತ ಆಕೆಯನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ನನ್ನ ಹೆಂಡ್ತಿ ಸೊಂಟ ಮುರಿದಿದೆ ಕಣಪ್ಪಾ. ಅವಳು ನಡೆಯಲ್ಲ. ಈ ತಾಯಿ ನಡೀತಿದ್ದಾರೆ."

"ವಾಸಿ ಆಯ್ತು ಯಜಮಾನ್ರೇ. ಅದಕ್ಕೇ ನಡೀತಿದ್ದಾರೆ."

"ಹೌದಾ? ನನ್ನ ಹೆಂಡ್ತಿ ಬದುಕಿದ್ದಾಳೆ ಅಂತೀರಿ?"

"ಹೌದು."

"ಹಂಗಾದ್ರೆ ಅವಳ ಮಂಚ ಯಾಕೆ ಬಿಚ್ತಿದ್ದೀರಿ?"

ಆ ಪ್ರಶ್ನೆಯಲ್ಲಿ ಮಂಚದಣ್ಣನಿಗೆ ಹುಳುಕೇ ಸಿಗಲಿಲ್ಲ. ಅರೆಗಳಿಗೆ ಅವನಿಗೇ ಅನುಮಾನ ಬಂತು, ಎದುರಿಗೆ ನಿಂತಿರುವ ಈ ಹೆಂಗಸು ನಿಜಕ್ಕೂ ಯಾರು ಎಂದು. ಟೈಲರಮ್ಮ ಗಂಡನ ಬಳಿ ಬಗ್ಗಿ, ಕೈ ಹಿಡಿದು, ಅವರಿಬ್ಬರಿಗೇ ಗೊತ್ತಿದ್ದ ಏನನ್ನೋ ಮೆಲ್ಲಗೆ ಹೇಳಿದರು. ತಾತ ಕೈ ಬಿಡಿಸಿಕೊಂಡು, ಪರ ಹೆಂಗಸಿನೆದುರು ನಾಚುವ ಹಾಗೆ ಮುದುಡಿ ಕೂತರು. ಆಮೇಲೆ ದೊಡ್ಡ ದನಿಯಲ್ಲಿ ಅತ್ತರು. ಎಷ್ಟು ಮನೆಗಳಲ್ಲಿ ಮಂಚದಣ್ಣ ಆಡಿದ್ದ ಸಮಾಧಾನದ ಮಾತು ಅದು! ಒಂದು ಮನೆಯಲ್ಲೂ ಸಾವನ್ನು ಅವನೇ ತಂದಿರಲಿಲ್ಲ.

ಟೈಲರಮ್ಮ ವಾಕರ್ ಊರಿಕೊಂಡು ಮಂಚದ ಬಳಿ ಬಂದರು. ಮುಖದ ಕಳೆಯೆಲ್ಲ ಇಳಿದುಹೋಗಿತ್ತು.

"ಜೋಡಿಸಪ್ಪಾ," ಎಂದರು.

"ಅಮ್ಮಾ, ಈಗ್ತಾನೆ ಮುಖ ನೋಡಲ್ಲ ಅಂದ್ರಿ..."

"ಜೋಡಿಸು ಅಂದ್ನಲ್ಲ."

ಅವನು ಕಂಬಿ ಜೋಡಿಸಿದ, ಹಾಸಿಗೆ ಬಿಡಿಸಿದ. ಟೈಲರಮ್ಮ ತಾವೇ ಹತ್ತಿ ಮಲಗಿದರು. ಅವನು ತಂತಿಯಿಂದ ತಂದುಕೊಟ್ಟ ಹಸಿ ಹೊದಿಕೆಯನ್ನೇ ಎದೆಯವರೆಗೆ ಎಳೆದುಕೊಂಡರು. ಬೇರೆಯದಾದರೆ ಗಂಡನಿಗೆ ಗುರುತು ಹತ್ತಲಿಕ್ಕಿಲ್ಲ ಎಂದರು. ಮಂಚದಣ್ಣ ಹಿಡಿಕೆ ತಿರುಗಿಸಿ ತಲೆಯ ಕಡೆ ಎತ್ತರಿಸಿದ.

ಹಿಡಿಕೆಯ ಕಿರಗುಟ್ಟುವಿಕೆಗೆ ತಾತ ತಲೆ ಎತ್ತಿದರು. ಎದ್ದು ಬಂದು ಮಂಚದ ಪಕ್ಕದ ಸ್ಟೂಲಿನಲ್ಲಿ ಕೂತು ಹೆಂಡತಿಯ ಕೈ ಹಿಡಿದರು.

"ಎಲ್ಲಿಗೆ ಹೋಗಿದ್ಯೇ?"

"ಇಲ್ಲೇ ಇದ್ನಲ್ಲ."

"ಯಾವನೋ ಬಂದು ನೀನು ಹೋದೆ ಅಂದ ಕಣೇ. ತಲೆಕೆಟ್ಟವನು."

"ಅಂಥವರ ಮಾತೆಲ್ಲ ನಂಬ್ತಾರಾ?" ಎಂದರು ಆಕೆ, ಸೂರು ನೋಡುತ್ತಾ.

ತಾತನಿಗೆ ಆಗ ಮಂಚದಣ್ಣ ಕಣ್ಣಿಗೆ ಬಿದ್ದ. ಮೊದಲ ಸಲ ನೋಡುವವರ ಹಾಗೆ ನಕ್ಕರು. "ಬನ್ನಿ ಬನ್ನಿ. ಇವಳು ನನ್ನ ಹೆಂಡ್ತಿ. ಪಾಪ, ಎದ್ದು ಓಡಾಡೋಕಾಗಲ್ಲ."

"ಹೌದಾ ಯಜಮಾನ್ರೇ," ಎಂದ ಮಂಚದಣ್ಣ.

ಹೊರಡುವಾಗ ಟೈಲರಮ್ಮ ಕಣ್ಣಲ್ಲೇ ಕರೆದು ಗೋಡೆಗೆ ಒರಗಿಸಿದ್ದ ವಾಕರ್ ತೋರಿಸಿದರು. "ಅದನ್ನ ತಗೊಂಡು ಹೋಗಪ್ಪಾ. ಕಂಡ್ರೆ ಇವರಿಗೆ ಮತ್ತೆ ಗೊಂದಲ. ಇವರು ಮಲಗಿದಾಗ ಗೋಡೆ ಹಿಡ್ಕೊಂಡು ಓಡಾಡ್ತೀನಿ. ಮಗಳು ಕೇಳಿದ್ರೆ, ಮಂಚಕ್ಕೆ ಗಾಡಿ ಸಿಗಲಿಲ್ಲ ಅನ್ನು."

ಮನೆಯಲ್ಲಿ ಹೆಂಡತಿ ಗಾಲಿಮೇಜನ್ನು ಕಾಲಿನಿಂದ ತಡೆದು ಹಿಡಿದು ಈರುಳ್ಳಿ ಹೆಚ್ಚುತ್ತಿದ್ದಳು. ಮಂಚ ತರಲು ಹೋದವನ ಕೈಯಲ್ಲಿ ವಾಕರ್ ಕಂಡು ಚಾಕು ನಿಲ್ಲಿಸಿದಳು. ಫೋನಿನಲ್ಲಿ ಕೇಳದ್ದನ್ನು ಅವಳು ಕೇಳುವುದು ಅವನು ವಾಪಸಾದ ಮೇಲೆಯೇ.

"ಏನ್ರೀ ಇದು? ಆಯಮ್ಮ ಹುಷಾರಾದ್ರಾ, ಹೋದ್ರಾ?"

ಮಂಚದಣ್ಣ ಗಾಲಿಕುರ್ಚಿಯಲ್ಲಿ ಕೂತ. ಅದು ಹಿಂದಕ್ಕೆ ಸರಿದು ಗೋಡೆಗೆ ಗುದ್ದಿತು.

"ಹುಷಾರಾದ್ರು ಕಣೇ," ಎಂದ. "ಮಲಗಿದ್ದಾರೆ."