ಬೇಲಿಯಾಚೆಯ ಕೋಳಿ

“ಅಲ್ಲೇ ನಿಲ್ಸಿ ಸಾಬ್ರೆ! ಗಾಡಿ ಇನ್ನೊಂದು ಗೇಣೂ ಮುಂದಕ್ಕೆ ಬರಬಾರ್ದು!”

ಹಟ್ಟಿಯ ಯಜಮಾನ ಕ್ಯಾತಣ್ಣನ ಕೂಗಿಗೆ ಚಾಂದ್ ಪಾಷ ಗಕ್ಕನೆ ಬ್ರೇಕ್ ಒತ್ತಿದ. ಮುಳ್ಳುಬೇಲಿಯ ಹೊರಗೆ ಲೂನಾ ಧೂಳೆಬ್ಬಿಸಿ ನಿಂತಿತು. ಹ್ಯಾಂಡಲಿಗೆ ನೇತುಹಾಕಿದ್ದ ಕೈಚೀಲದಿಂದ ಕೆಂಪು ಜುಟ್ಟಿನ ತಲೆಯೊಂದು ಹೊರಬಂದು, ಊರನ್ನೆಲ್ಲ ಒಮ್ಮೆ ನೋಡಿ, ಕೊಕ್ಕೊಕ್ಕೋ ಎಂದಿತು. ಹಟ್ಟಿಯ ಮಕ್ಕಳು ಬಾಯಿಬಿಟ್ಟುಕೊಂಡು ನಿಂತವು.

ಈ ಹಟ್ಟಿಯವರು ಕೋಳಿ ತಿನ್ನುವುದಿಲ್ಲ, ಸಾಕುವುದಿಲ್ಲ, ಬೇಲಿಯೊಳಗೆ ಕಾಲಿಡಲೂ ಬಿಡುವುದಿಲ್ಲ. ದೇವರ ಹಟ್ಟಿ. ಮೇಕೆಗಳ ರಕ್ತ ಪರೀಕ್ಷಿಸಲು ಬಂದಿದ್ದ ಚಾಂದ್ ಪಾಷನ ಮಗಳು, ಚಳ್ಳಕೆರೆಯಲ್ಲೇ ಹುಟ್ಟಿ ಬೆಳೆದ ಶಾಯಿಸ್ತಾಗೆ ಇಷ್ಟು ಗೊತ್ತಿರಬೇಕಿತ್ತು. ಆದರೆ ಆ ಪರೀಕ್ಷೆಗೆಂದು ಬೆಂಗಳೂರಿನ ಪ್ರಯೋಗಾಲಯದಿಂದ ತಂದಿದ್ದ ಕೋಳಿರಕ್ತ ಬಸ್ಸಿನ ಸೆಕೆಗೆ ಕೆಟ್ಟಿದೆ ಎಂದು ತಿಳಿದಾಗ ಅವಳಿಗೆ ಬೇರೇನೂ ತೋಚಲಿಲ್ಲ. ಓಡಿಹೋಗಿ ಬೂತಿನಿಂದ ಅಪ್ಪನ ಗ್ಯಾರೇಜಿಗೆ ಫೋನ್ ಮಾಡಿ, ಒಂದು ಜೀವಂತ ಕೋಳಿ ಬೇಕು ಎಂದಿದ್ದಳು.

“ಇದು ದೇವರ ಹಟ್ಟಿ ಅಂತ ಮೊದ್ಲೇ ಹೇಳಿದ್ರೆ ನಾನು ತರ್ತಾನೇ ಇರ್ಲಿಲ್ಲ ಬೇಟಾ,” ಎಂದು ಚಾಂದ್ ಪಾಷ ತಲೆಯ ಬೆವರು ಒರೆಸಿಕೊಂಡ.

ಕ್ಯಾತಣ್ಣನ ಮಾತು ಖಡಾಖಂಡಿತವಾಗಿತ್ತು. “ನೋಡಮ್ಮ, ದಾರೀಲಿರೋ ಊರಾಗೆಲ್ಲ ಮೇಕೆಗೆ ಬೇನೆ ಬಂದೈತೆ. ಹೋದ ವರ್ಷ ಹಾಕಿದ ಸೂಜಿ ಹಿಡಿದೈತೋ ಇಲ್ವೋ, ಅದು ಗೊತ್ತಾಗ್ದೆ ಬೊಮ್ಮಕ್ಕನ ಮಂದೆ ನಾಳೆ ಆಂಧ್ರಕ್ಕೆ ಹೊರಡಂಗಿಲ್ಲ. ಹಂಗಂತ ಕೋಳೀನ ಒಳಗೆ ಬಿಡಾಕೂ ಆಗಲ್ಲ.”

ಬೊಮ್ಮಕ್ಕನ ಮುಖ ಸಪ್ಪಗಾಯಿತು. ಗಂಡ ತೀರಿದ ಮೇಲೆ ಮಂದೆಯನ್ನು ಅವಳೇ ಮೇಯಿಸಿಕೊಂಡು ಬಂದವಳು. ಇಲ್ಲಿ ಕಾವಲಿನ ಹುಲ್ಲು ಮುಗಿದಿತ್ತು. ಗಡಿಯಾಚೆಯ ರೈತರು ಗೊಬ್ಬರಕ್ಕಾಗಿ ಹೊಲದಲ್ಲಿ ಮಂದೆ ಕೂಡಿಸಲು ಆಗಲೇ ಹೇಳಿ ಕಳಿಸಿದ್ದರು. ಅವಳು ಬೇಲಿಯತ್ತ ಕೈ ತೋರಿದಳು.

“ಮಾವ, ಕೋಳಿ ಒಳಗೆ ಬರಬಾರ್ದು, ಸರಿ. ಮೇಕೆ ರಕ್ತ ಆಚೆ ಹೋಗಬಾರ್ದು ಅಂತ ಯಾವ ದೇವ್ರು ಹೇಳೈತೆ?”

ಕ್ಯಾತಣ್ಣ ಗಡ್ಡ ಕೆರೆದುಕೊಂಡ. ಹಾಗೆ ಯಾವ ದೇವರೂ ಹೇಳಿರಲಿಲ್ಲ.

ಬೇಲಿಯಾಚೆ ಬೇವಿನ ಮರದ ಕೆಳಗೆ ಒಂದು ಚಪ್ಪಟೆ ಬಂಡೆ. ಅದೇ ಪ್ರಯೋಗಾಲಯವಾಯಿತು. ನಿನ್ನೆ ಮೇಕೆಗಳಿಂದ ತೆಗೆದ ರಕ್ತ ಹೆಪ್ಪುಗಟ್ಟಿ, ಮೇಲೆ ತಿಳಿ ನಿಂತಿತ್ತು. ಶಾಯಿಸ್ತಾ ಆ ತಿಳಿಯ ಶೀಶೆಗಳನ್ನು ಸಾಲಾಗಿ ಜೋಡಿಸಿ, ಪುಟ್ಟ ಪುಟ್ಟ ಕುಳಿಗಳಿದ್ದ ಪ್ಲಾಸ್ಟಿಕ್ ತಟ್ಟೆಯನ್ನು ಹೊರತೆಗೆದಳು. ಕೋಳಿಯನ್ನು ಹಿಡಿದುಕೊಳ್ಳಲು ಅಪ್ಪನಿಗೆ ಹೇಳಿದಳು. ಲಾರಿಯ ಎಂಜಿನ್ನನ್ನೇ ಬಿಚ್ಚಿ ಹರವುವ ಚಾಂದ್ ಪಾಷನ ಕೈಗೆ ಕೋಳಿ ದಕ್ಕಲಿಲ್ಲ. ಅದು ಒಮ್ಮೆ ರೆಕ್ಕೆ ಬಡಿದು ಜಾರಿ, ನೆಟ್ಟಗೆ ಹಟ್ಟಿಯ ಬಾಗಿಲಿಗೇ ಓಡಿತು.

“ಹಿಡೀರೋ! ಅಡ್ಡ ನಿಲ್ರೋ!”

ಕೋಳಿಯನ್ನು ಜನ್ಮದಲ್ಲಿ ಮುಟ್ಟದವರು ಅದನ್ನು ಹಿಡಿಯುವುದು ಹೇಗೆ? ಎಲ್ಲರೂ ಕೈಚಾಚಿ ಅಡ್ಡ ನಿಲ್ಲುವುದು, ಅದು ಹತ್ತಿರ ಬಂದೊಡನೆ ಹೌಹಾರಿ ಹಿಂದಕ್ಕೆ ಹಾರುವುದು. ಯಜಮಾನನೇ ಪಂಚೆ ಎತ್ತಿ ಕಟ್ಟಿ ಕುಣಿದ. ಕೋಳಿ ಇನ್ನೇನು ಬೇಲಿ ದಾಟಬೇಕು, ಬೊಮ್ಮಕ್ಕ ಹೆಗಲ ಕಂಬಳಿಯನ್ನು ಬೀಸಿ ಅದರ ಮೇಲೆ ಎಸೆದಳು. ಕಂಬಳಿ ಒಂದೆರಡು ಸಲ ಉಬ್ಬಿ, ಸುಮ್ಮನಾಯಿತು.

“ನಾನ್ ಮುಟ್ಟಿಲ್ಲ ಮಾವ. ಕಂಬ್ಳಿ ಮುಟ್ಟೈತೆ,” ಎಂದಳು ಏದುಸಿರು ಬಿಡುತ್ತ.

ಕ್ಯಾತಣ್ಣನಿಗೂ ನಗು ತಡೆಯಲಾಗಲಿಲ್ಲ.

ರೆಕ್ಕೆಯಡಿಯ ನರದಿಂದ ಶಾಯಿಸ್ತಾ ಚೂರು ರಕ್ತ ಎಳೆದುಕೊಂಡಳು. ಅದನ್ನು ಉಪ್ಪುನೀರಿನಲ್ಲಿ ತೊಳೆಯಲು ಕೈಯಲ್ಲಿ ತಿರುಗಿಸುವ ಯಂತ್ರವಿತ್ತು. ಅದರ ಹಿಡಿಕೆ ಚಾಂದ್ ಪಾಷನ ಪಾಲಿಗೆ ಬಂತು. ಕೋಳಿಯನ್ನು ಬಿಟ್ಟು ಕಳೆದುಕೊಂಡ ಮರ್ಯಾದೆಯನ್ನು ಅಲ್ಲಿ ಗಳಿಸಿಕೊಳ್ಳುವವನಂತೆ ತಿರುಗಿಸಿದ. ಆಮೇಲೆ ಅವಳು ಥರ್ಮಾಸಿನ ಮಂಜುಗಡ್ಡೆಯ ನಡುವಿನಿಂದ ಬೆರಳುದ್ದದ ಕೊಳವೆಯೊಂದನ್ನು ತೆಗೆದಳು.

“ಅದೇನು ತಾಯಿ? ಬೇನೇನೇ ತಂದೀಯಾ?” ಎಂದು ಬೊಮ್ಮಕ್ಕ ಹಿಂದೆ ಸರಿದಳು.

“ಬೇನೆ ಅಲ್ಲ ಅಕ್ಕ, ಬೇನೆಯ ಕೈ ಮಾತ್ರ. ವೈರಸ್ಸು ಈ ಪ್ರೋಟೀನಿಂದ್ಲೇ ಮೇಕೆ ಮೈಯನ್ನ ಹಿಡ್ಕೊಳ್ಳೋದು. ಅದೊಂದನ್ನೇ ನಾವು ರೇಷ್ಮೆಹುಳದ ಮೈಯಲ್ಲಿ ಬೆಳೆಸಿದ್ದೀವಿ. ಇದ್ರಿಂದ ರೋಗ ಬರಲ್ಲ.”

“ಮೊಳಕಾಲ್ಮೂರಾಗೆ ಸೀರೆ ಕೊಡೋ ಹುಳಾನಾ? ಭಲೆ!”

“ಅದೇ. ಈ ಕೈ ಸುಮ್ನಿರಲ್ಲ. ಕೋಳಿ ರಕ್ತದ ಕಣಾನೂ ಹಿಡ್ಕೊಳ್ತದೆ. ಆಗ ರಕ್ತ ಬುಡದಲ್ಲಿ ಚಾಪೆ ಹಾಸಿದಂಗೆ ಹರಡ್ಕೊಳ್ತದೆ. ಸೂಜಿ ಹಿಡಿದಿರೋ ಮೇಕೆಯ ತಿಳಿ ಹಾಕಿದ್ರೆ ಅದು ಕೈ ಕಟ್ಟಿಹಾಕ್ತದೆ. ಆಗ ರಕ್ತ ಜಾರಿ, ತಳದಲ್ಲಿ ರವಿಕೆ ಗುಂಡಿಯಂಗೆ ಕೂತ್ಕೊಳ್ತದೆ.”

ಶಾಯಿಸ್ತಾ ಕುಳಿಗಳಿಗೆ ತಿಳಿ, ಪ್ರೋಟೀನು, ಕೋಳಿರಕ್ತವನ್ನು ಹನಿಹನಿಯಾಗಿ ಹಾಕಿದಳು. ತಟ್ಟೆಯ ಮೇಲೆ ಒದ್ದೆಬಟ್ಟೆಯ ನೆರಳು ಹಿಡಿದು ಎಲ್ಲರೂ ಕಾದರು. ಈ ಪ್ರೋಟೀನು ಪ್ರಯೋಗಾಲಯ ಬಿಟ್ಟು ಹೊರಗೆ ಬಂದದ್ದು ಇದೇ ಮೊದಲು. ಮೊದಲು ಅವಳು ಮೇಕೆಯ ತಿಳಿ ಇಲ್ಲದೆ ಬರೀ ಪ್ರೋಟೀನು, ಕೋಳಿರಕ್ತ ಹಾಕಿದ್ದ ಕುಳಿ ನೋಡಿದಳು. ಬುಡದ ತುಂಬ ಕೆಂಪು ಚಾಪೆ. ಕೈ ಹಿಡಿಯುತ್ತಿತ್ತು. ಆಮೇಲೆ ಮೇಕೆಗಳ ಸಾಲು: ಗುಂಡಿ, ಗುಂಡಿ, ಮತ್ತೆ ಗುಂಡಿ.

“ಬೊಮ್ಮಕ್ಕ, ಸೂಜಿ ಹಿಡಿದೈತೆ!” ಎಂದು ಅವಳು ಕಿರುಚಿಯೇಬಿಟ್ಟಳು. ಸಾಲಿನ ಕೊನೆಗೆ ಬಂದಾಗ ದನಿ ಇಳಿಯಿತು. “ಇದೊಂದು ಮಾತ್ರ ಚಾಪೆ. ಕೆಂಚಿ ಅಂತ ಬರೆದೈತೆ.”

“ನೋಡಿದ್ರಾ? ಒಂದು ತಪ್ಪಿದ್ಮೇಲೆ ಮಿಕ್ಕಿದ್ದನ್ನ ಹೆಂಗೆ ನಂಬೋದು?” ಎಂದ ಕ್ಯಾತಣ್ಣ.

ಬೊಮ್ಮಕ್ಕ ಸೆರಗು ಬಾಯಿಗೆ ಒತ್ತಿಕೊಂಡಳು. ಅಳುತ್ತಿದ್ದಾಳೆಂದೇ ಶಾಯಿಸ್ತಾ ಗಾಬರಿಯಾದಳು. ಆದರೆ ಬೊಮ್ಮಕ್ಕ ನಗುತ್ತಿದ್ದಳು.

“ತಪ್ಪಿಲ್ಲ ಮಾವ. ಹೋದ ವರ್ಷ ಸೂಜಿಯೋರು ಬಂದಾಗ ಹಾಲು ಬತ್ತೀತು ಅಂತ ಕೆಂಚೀನ ಅಡುಗೆಮನ್ಯಾಗೆ ಬಚ್ಚಿಟ್ಟಿದ್ದೆ. ಯಾರಿಗೂ ಹೇಳಿರ್ಲಿಲ್ಲ.”

ಹಟ್ಟಿಯೇ ಘೊಳ್ಳೆಂದು ನಕ್ಕಿತು. ಕ್ಯಾತಣ್ಣ ತಟ್ಟೆಯ ಮೇಲೆ ಬಾಗಿ ಆ ಒಂದು ಕುಳಿಯನ್ನು ಬಹಳ ಹೊತ್ತು ನೋಡಿದ. “ಯಪ್ಪಾ, ಅಡುಗೆಮನೆ ಗುಟ್ಟೂ ಇದ್ಕೆ ಗೊತ್ತೈತೆ! ಬೆಳಿಗ್ಗೆ ಮಂದೆ ಹೊರಡ್ಲಿ. ಕೆಂಚಿ ಮಾತ್ರ ಇಲ್ಲೇ ಇರ್ಲಿ, ಸೂಜಿ ಹಾಕ್ಸಿ.”

ಬೊಮ್ಮಕ್ಕ ಶಾಯಿಸ್ತಾಳ ಕೆನ್ನೆಯನ್ನು ಎರಡೂ ಕೈಯಿಂದ ಸವರಿ ನೆಟಿಕೆ ಮುರಿದಳು. ಶಾಯಿಸ್ತಾಗೆ ಪರೀಕ್ಷೆ ಪಾಸಾದ ದಿನವೂ ಇಷ್ಟು ಸಂತೋಷವಾಗಿರಲಿಲ್ಲ.

ಬಿಸಿಲು ಇಳಿದಾಗ ಚಾಂದ್ ಪಾಷ ಕೋಳಿಯನ್ನು ಚೀಲಕ್ಕೆ ಹಾಕಲು ಹೊರಟ.

“ಸಾಬ್ರೆ, ಅದನ್ನ ಕೊಯ್ಬೇಡ್ರಿ,” ಎಂದಳು ಬೊಮ್ಮಕ್ಕ ಬೇಲಿಯೊಳಗಿನಿಂದ.

“ನಿಮಗ್ಯಾಕಮ್ಮ ಚಿಂತೆ? ನೀವೇನು ತಿನ್ನೋರಾ?”

“ತಿನ್ನದೋರು ಕೇಳ್ತಿದೀವಿ ಅಂತ್ಲಾದ್ರೂ ಅದನ್ನ ಸಾಕ್ಕೊಳ್ರಿ.”

ಚಾಂದ್ ಪಾಷ ಮಗಳ ಮುಖ ನೋಡಿ, ಆಗಲಿ ಎಂದು ತಲೆಯಾಡಿಸಿದ. ಬೊಮ್ಮಕ್ಕ ಒಳಗೆ ಹೋಗಿ ಬಂದಳು. ಮುಳ್ಳು ತಾಗದ ಹಾಗೆ ಬೇಲಿಯ ಮೇಲಿಂದ ಕೈ ಚಾಚಿ, ಒಂದು ಹಿಡಿ ನವಣೆ ಆಚೆಗೆ ಚೆಲ್ಲಿದಳು. ಕೋಳಿ ಟಕಟಕನೆ ಹೆಕ್ಕತೊಡಗಿತು. ಅವಳ ಮಗ್ಗುಲಲ್ಲಿ ಕೆಂಚಿ ಕತ್ತು ಚಾಚಿ, ತನಗೆ ಸಿಗದ ಆ ನವಣೆಯನ್ನೇ ನೋಡುತ್ತಿತ್ತು.